ಮುಚ್ಚಳ ತೆಗೆಸಿ ನೋಡಿ: ಸೆಕೆಂಡ್ ಹ್ಯಾಂಡ್ ಲಕ್ಷುರಿ ವಾಚಿನ ಒಳಗಿರುವ ಮೂವ್‌ಮೆಂಟ್ ಅಸಲಿಯೇ?

ಕರ್ನಾಟಕದ ರಾಜಕಾರಣಕ್ಕೂ ಕೈಗಡಿಯಾರಕ್ಕೂ ಹಳೆ ನಂಟು. 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹ್ಯೂಬ್ಲೋಟ್ ವಾಚಿನ ಗಲಾಟೆ ಸದನದವರೆಗೂ ಹೋಯಿತು. ಗೆಳೆಯರೊಬ್ಬರು ಕೊಟ್ಟ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ಸ್ಪೀಕರ್ ಕೈಗೆ ಒಪ್ಪಿಸಿದರು. 2025ರ ಡಿಸೆಂಬರ್‌ನಲ್ಲಿ ಮತ್ತೆ ವಾಚಿನ ಚರ್ಚೆ, ಈ ಸಲ ಕಾರ್ಟಿಯರ್. ಎರಡೂ ಸಲ ಮಾತೆಲ್ಲ ಸುತ್ತಿದ್ದು ಬೆಲೆ ಎಷ್ಟು, ಕೊಟ್ಟವರು ಯಾರು, ಬಿಲ್ ಎಲ್ಲಿ ಎಂಬುದರ ಸುತ್ತ. ಅಧಿಕಾರದಲ್ಲಿರುವವರಿಗೆ ಕೇಳಲೇಬೇಕಾದ ಪ್ರಶ್ನೆಗಳೇ ಇವು. ಆದರೆ ನಾವೇ ದುಡ್ಡು ಕೊಟ್ಟು ಇಂಥ ವಾಚೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವಾಗ ಇವುಗಳ ಜೊತೆ ಇನ್ನೊಂದು ಪ್ರಶ್ನೆಯೂ ಬೇಕು: ಒಳಗೆ ಏನಿದೆ?

"ನಮಗ್ಯಾಕೆ ಸ್ವಾಮಿ ಲಕ್ಷುರಿ ವಾಚು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈ ಮಾರುಕಟ್ಟೆಯಲ್ಲಿ ಮೋಸ ಹೋಗುತ್ತಿರುವವರು ಬರೀ ಶ್ರೀಮಂತರಲ್ಲ. ನಾಲ್ಕೈದು ವರ್ಷ ಕೆಲಸ ಮಾಡಿ, ಒಂದೆರಡು ಲಕ್ಷ ಉಳಿಸಿ, ಮೊದಲ ಸಲ ತಮಗಂತ ಏನಾದರೂ ಕೊಳ್ಳೋಣ ಎಂದು ಹೊರಟವರು ಇದರಲ್ಲಿ ಬಹಳ ಮಂದಿ. ಇನ್‌ಸ್ಟಾಗ್ರಾಂನಲ್ಲಿ ಫೋಟೋ, ವಾಟ್ಸಾಪ್‌ನಲ್ಲಿ ಚೌಕಾಸಿ, ಯುಪಿಐನಲ್ಲಿ ಪೇಮೆಂಟ್. ಬಿಲ್ ಕೇಳಿದರೆ "ಟ್ರಸ್ಟ್ ಮೇಲೆ ನಡೆಯೋ ವ್ಯಾಪಾರ ಬ್ರೋ" ಎಂಬ ಉತ್ತರ. ಹೊರಗಿನ ಡಯಲ್, ಬೆಲ್ಟ್, ಗಾಜು ಎಲ್ಲ ಅಸಲಿಯಾಗಿದ್ದು ಒಳಗಿನ ಯಂತ್ರ ಬೇರೆಯದಾಗಿದ್ದರೆ ಅದು ಫೋಟೋದಲ್ಲಿ ಕಾಣುವುದಿಲ್ಲ. ಮೆಕ್ಯಾನಿಕಲ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ವಾಚ್ ಕೊಳ್ಳುವ ಮುಂಚೆ ಗೆಳೆಯರು ನನಗೆ ಫೋಟೋ ಕಳಿಸಿ "ಇದು ಒರಿಜಿನಲ್ಲಾ ನೋಡು" ಅನ್ನುತ್ತಾರೆ. ಅವರಿಗೆ ಹೇಳುವುದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಮೊದಲು 'ಒರಿಜಿನಲ್' ಅಂದರೇನು?

ಮೂವ್‌ಮೆಂಟ್ ಅಂದರೆ ವಾಚಿನ ಎಂಜಿನ್. ಮೇನ್‌ಸ್ಪ್ರಿಂಗ್, ಚಕ್ರಗಳು, ಅತ್ತಿತ್ತ ತೂಗುವ ಬ್ಯಾಲೆನ್ಸ್ ವ್ಹೀಲ್, ಆಟೋಮ್ಯಾಟಿಕ್ ಆದರೆ ಕೈ ಆಡಿದಂತೆ ತಿರುಗಿ ತಾನೇ ಕೀ ಕೊಟ್ಟುಕೊಳ್ಳುವ ರೋಟರ್. ಪ್ರತಿ ವಿನ್ಯಾಸಕ್ಕೂ ಒಂದು ಕ್ಯಾಲಿಬರ್ ನಂಬರ್ ಇರುತ್ತದೆ. ವಾಚಿನ ಮಾದರಿಗೆ ಇರುವುದು ರೆಫರೆನ್ಸ್ ನಂಬರ್. ಇದೇ ಒಂದು ವಾಚಿನ ಗುರುತು ಸೀರಿಯಲ್ ನಂಬರ್. ಈ ಮೂರನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮಾರುವವರು 'ಒರಿಜಿನಲ್ ಮೂವ್‌ಮೆಂಟ್' ಅಂದಾಗ ಅದಕ್ಕೆ ನಾಲ್ಕು ಅರ್ಥ ಇರಬಹುದು.

ಒಂದು, ಫ್ಯಾಕ್ಟರಿಯಿಂದ ಈ ಕೇಸಿನ ಒಳಗೇ ಕೂತು ಬಂದ ಮೂವ್‌ಮೆಂಟ್. ಎರಡು, ಅದೇ ಮೂವ್‌ಮೆಂಟ್, ಆದರೆ ಸವೆದ ಭಾಗಗಳನ್ನು ಕಂಪನಿಯ ಸರ್ವಿಸ್‌ನಲ್ಲಿ ಬದಲಿಸಿದ್ದಾರೆ. ಮೂರು, ಕಂಪನಿಯದ್ದೇ, ಕ್ಯಾಲಿಬರ್ ಕೂಡ ಸರಿಯಾದದ್ದೇ, ಆದರೆ ಇನ್ನೊಂದು ವಾಚಿನಿಂದ ಕಿತ್ತು ಇಲ್ಲಿ ಕೂರಿಸಿದ್ದು. ನಾಲ್ಕು, ಬೇರೆ ಕಂಪನಿಯದು ಅಥವಾ ತದ್ರೂಪಿ ನಕಲು.

ನಾಲ್ಕನೆಯದು ಸೀದಾ ಮೋಸ. ಎರಡನೆಯದರಲ್ಲಿ ತಪ್ಪೇನಿಲ್ಲ, ಓಡುವ ಯಂತ್ರಕ್ಕೆ ರಿಪೇರಿ ಬೇಕೇ ಬೇಕು. ತಕರಾರೆಲ್ಲ ಮೂರನೆಯದರಲ್ಲಿ. ಬೈಕಿಗೆ ಬೇರೆ ಬೈಕಿನ ಎಂಜಿನ್ ಹಾಕಿ ಓಡಿಸಬಹುದು, ಆದರೆ ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬೇರೆ ಎನ್ನುವುದನ್ನು ಕೊಳ್ಳುವವನಿಗೆ ಹೇಳಲೇಬೇಕು. ವಾಚೂ ಹಾಗೆಯೇ. ಬದಲಿಸಿದ್ದು ಅಪರಾಧ ಅಲ್ಲ, ಬದಲಿಸಿದ್ದನ್ನು ಮುಚ್ಚಿಟ್ಟು ಮೊದಲನೆಯದರ ಬೆಲೆಗೆ ಮಾರುವುದು ಅಪರಾಧ.

ಗೊತ್ತಿದ್ದವರೂ ಬೀಳುವ ಗುಂಡಿ

ಹಲವು ವಾಚುಗಳ ಭಾಗ ಜೋಡಿಸಿ ಮಾಡಿದ್ದಕ್ಕೆ ಈ ವ್ಯಾಪಾರದಲ್ಲಿ 'ಫ್ರಾಂಕನ್‌ವಾಚ್' ಅಂತಾರೆ. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಮಾದರಿಯ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು, ರೆಫರೆನ್ಸ್ 2915-1, 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯಿತು. ಒಮೆಗಾ ವಾಚಿಗೆ ಅದು ದಾಖಲೆ ಬೆಲೆ. 2023ರ ಜೂನ್‌ನಲ್ಲಿ ಸಂಗತಿ ಹೊರಬಿತ್ತು: ಆ ವಾಚು ಬೇರೆ ಬೇರೆ ಕಡೆಯ ಭಾಗಗಳನ್ನು ಕೂಡಿಸಿ ಮಾಡಿದ್ದು. ಕೊಂಡಿದ್ದು ಯಾರು ಗೊತ್ತಾ? ತನ್ನ ಮ್ಯೂಸಿಯಂಗಾಗಿ ಸ್ವತಃ ಒಮೆಗಾ ಕಂಪನಿ! ತನ್ನ ಮಾಜಿ ಉದ್ಯೋಗಿಗಳು ಇದರಲ್ಲಿ ಭಾಗಿಯಾಗಿದ್ದರು ಎಂದು ಕಂಪನಿಯೇ ಹೇಳಿತು.

ಇದರಿಂದ ನಮಗೆ ಸಿಗುವ ಪಾಠ ಸರಳ. ಪ್ರತಿ ಭಾಗವೂ ಅಸಲಿ ಎಂದ ಮಾತ್ರಕ್ಕೆ ವಾಚು ಅಸಲಿ ಆಗುವುದಿಲ್ಲ. ಭಾಗಗಳು ಒಂದಕ್ಕೊಂದು ಸಾಕ್ಷಿ ಹೇಳಬೇಕು. ಕೇಸು, ಡಯಲ್, ಮೂವ್‌ಮೆಂಟ್, ಕಾಗದಪತ್ರ ನಾಲ್ಕೂ ಒಂದೇ ಕಥೆ ಹೇಳುತ್ತಿವೆಯೇ ಎಂದು ನೋಡುವುದೇ ಪರೀಕ್ಷೆ.

ಮುಚ್ಚಳ ತೆಗೆಯುವ ಮುಂಚೆ

ಮೊದಲ ಕೆಲಸ ಮನೆಯಲ್ಲೇ ಕೂತು ಮಾಡುವಂಥದ್ದು. ರೆಫರೆನ್ಸ್ ನಂಬರ್ ಕೇಳಿ, ಆ ಮಾದರಿಗೆ ಯಾವ ಕ್ಯಾಲಿಬರ್ ಎಂದು ಹುಡುಕಿ. ರೋಲೆಕ್ಸ್ ಸಬ್‌ಮರೀನರ್ 16610 ಅಥವಾ 116610 ಆದರೆ ಕ್ಯಾಲಿಬರ್ 3135. 2020ರಲ್ಲಿ ಬಂದ 126610 ಆದರೆ 3235. 2018ರಲ್ಲಿ ಬಂದ ಕಾರ್ಟಿಯರ್ ಸ್ಯಾಂಟೋಸ್‌ನ ಆಟೋಮ್ಯಾಟಿಕ್ ಆದರೆ 1847 ಎಂಸಿ. ಕಾರ್ಟಿಯರ್ ಟ್ಯಾಂಕ್‌ಗಳಲ್ಲಿ ಎಷ್ಟೋ ಮಾದರಿಗಳು ಹುಟ್ಟಿನಿಂದಲೇ ಬ್ಯಾಟರಿಯವು. ಹಾಗಾಗಿ ಬ್ಯಾಟರಿ ಕಂಡ ತಕ್ಷಣ ನಕಲಿ ಎನ್ನಬೇಡಿ, ಆ ರೆಫರೆನ್ಸ್‌ಗೆ ಏನಿರಬೇಕು ಎಂಬುದಷ್ಟೇ ಮುಖ್ಯ.

ಎರಡನೆಯದು ಬಡಿತ. ಮೆಕ್ಯಾನಿಕಲ್ ವಾಚಿನ ಸೆಕೆಂಡಿನ ಮುಳ್ಳು ಜಾರಿದಂತೆ ಕಂಡರೂ ಅದು ಸಣ್ಣ ಸಣ್ಣ ನೆಗೆತಗಳಲ್ಲಿ ಹೋಗುತ್ತದೆ. 3135ರ ಬಡಿತ ಗಂಟೆಗೆ 28,800, ಅಂದರೆ ಸೆಕೆಂಡಿಗೆ 8. ಅಗ್ಗದ ನಕಲಿಗಳಲ್ಲಿ ಸಿಗುವ ಮಿಯೋಟಾ 8215 ಗಂಟೆಗೆ 21,600, ಸೆಕೆಂಡಿಗೆ 6. ಬರಿಗಣ್ಣಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ, ಮೊಬೈಲಿಗೆ ಸುಲಭ. ಸೆಕೆಂಡಿಗೆ 240 ಫ್ರೇಮ್‌ನ ಸ್ಲೋಮೋಷನ್ ವಿಡಿಯೋ ತೆಗೆಯಿರಿ. 8 ಬಡಿತದ ವಾಚಿನಲ್ಲಿ ಒಂದು ನೆಗೆತದಿಂದ ಮುಂದಿನ ನೆಗೆತಕ್ಕೆ ಸುಮಾರು 30 ಫ್ರೇಮ್, 6 ಬಡಿತದ್ದರಲ್ಲಿ 40 ಫ್ರೇಮ್. ಊರಾಚೆ ಇರುವ ಮಾರಾಟಗಾರನಿಗೂ ಇಂಥದ್ದೊಂದು ವಿಡಿಯೋ ಕಳಿಸಿ ಎನ್ನಬಹುದು.

ಹಳೆ ಸ್ಪೀಡ್‌ಮಾಸ್ಟರ್‌ಗಳಿಗೂ ಇದೇ ಲೆಕ್ಕ. ರೆಫರೆನ್ಸ್ 145.012ರಲ್ಲಿ ಇರಬೇಕಾದದ್ದು ಕ್ಯಾಲಿಬರ್ 321, ಬಡಿತ 18,000, ಸೆಕೆಂಡಿಗೆ 5. ಅದರ ನಂತರದ 145.022ರಲ್ಲಿ ಕ್ಯಾಲಿಬರ್ 861, ಬಡಿತ 21,600, ಸೆಕೆಂಡಿಗೆ 6. 145.012 ಎಂದು ಹೇಳಿ ಮಾರುತ್ತಿರುವ ವಾಚು 6 ಬಡಿದರೆ ಅದರ ಎಂಜಿನ್ ಬದಲಾಗಿದೆ.

ಮೂರನೆಯದು ಕ್ರೌನ್, ಅಂದರೆ ಕೀ ಕೊಡುವ ತಿರುಪು. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಯಾಕೆಂದರೆ ಯಾವ ಉಪಕರಣವೂ ಬೇಡ. ತಾರೀಖು ಇಲ್ಲದ ಸಬ್‌ಮರೀನರ್ 114060ರಲ್ಲಿ ಇರುವುದು ಕ್ಯಾಲಿಬರ್ 3130. ಅದಕ್ಕೆ ತಾರೀಖಿನ ವ್ಯವಸ್ಥೆಯೇ ಇಲ್ಲ. ತಿರುಪು ಬಿಚ್ಚಿದ ಮೇಲೆ ಕೀ ಕೊಡುವ ಸ್ಥಾನ, ಎಳೆದರೆ ಟೈಮ್ ಹೊಂದಿಸುವ ಸ್ಥಾನ, ಅಷ್ಟೇ. ನಡುವೆ ಯಾತಕ್ಕೂ ಬಾರದ ಇನ್ನೊಂದು 'ಕ್ಲಿಕ್' ಸಿಕ್ಕಿತೋ, ಒಳಗೆ ತಾರೀಖಿನ ಮೂವ್‌ಮೆಂಟ್ ಕೂತಿದೆ ಅಂತ ಅರ್ಥ. ಇದರ ತಿರುವುಮುರುವು ಹಳೆ ಸಬ್‌ಮರೀನರ್ 1680. ಅದರ ಕ್ಯಾಲಿಬರ್ 1575ರಲ್ಲಿ ತಾರೀಖನ್ನು ಬೇಗ ಬದಲಿಸುವ ಸೌಲಭ್ಯ ಇಲ್ಲ, ಮುಳ್ಳನ್ನೇ ಸುತ್ತಿಸಬೇಕು. ಕ್ರೌನ್ ತಿರುಗಿಸಿದರೆ ಪಟಪಟ ತಾರೀಖು ಓಡಿದರೆ ಅದು 1575 ಅಲ್ಲ.

ಈ ಪರೀಕ್ಷೆಗಳ ಮಿತಿಯೂ ಗೊತ್ತಿರಲಿ. ಫೇಲ್ ಆದರೆ ಅಲ್ಲಿಗೆ ಮುಗಿಯಿತು, ಎದ್ದು ಬನ್ನಿ. ಪಾಸ್ ಆದರೆ ಇನ್ನೂ ಮುಗಿದಿಲ್ಲ. 3135ರ ತದ್ರೂಪಿ ನಕಲುಗಳೂ ಸೆಕೆಂಡಿಗೆ 8 ಸಲವೇ ಬಡಿಯುತ್ತವೆ.

ಮುಚ್ಚಳ ತೆಗೆದ ಮೇಲೆ

ಬಹುತೇಕ ರೋಲೆಕ್ಸ್‌ಗಳಿಗೆ ಹಿಂದೆ ಗಾಜಿಲ್ಲ, ಬಿಗಿದ ಲೋಹದ ಮುಚ್ಚಳ. ತೆಗೆಯಲು ಅದರ ಹಲ್ಲಿಗೆ ಹೊಂದುವ ಕೀಲಿಯೇ ಬೇಕು. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಪ್ರಯತ್ನಿಸಬೇಡಿ. ಒಂದು ಗೀರು, ಒಂದು ಧೂಳಿನ ಕಣ ಸಾಕು. ಮುಚ್ಚಿದ ಮೇಲೆ ನೀರು ಒಳಗೆ ಹೋಗುತ್ತದೆಯೇ ಎಂದೂ ಪರೀಕ್ಷಿಸಬೇಕು. ನಂಬಿಕಸ್ಥ ರಿಪೇರಿಯವರ ಮೇಜಿನ ಮೇಲೆ, ಮಾರುವವನ ಎದುರಿಗೇ ಈ ಕೆಲಸ ಆಗಲಿ. ಕಂಪನಿಯ ವಾರಂಟಿ ಇನ್ನೂ ಇದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ತೆಗೆಸಿ, ಹೊರಗೆ ತೆಗೆಸಿದರೆ ವಾರಂಟಿ ಹೋಗಬಹುದು.

ಒಳಗೆ ಏನು ನೋಡಬೇಕು?

*ಹೆಸರು ಮತ್ತು ಕ್ಯಾಲಿಬರ್:* ಕೆತ್ತನೆ ಆಳವಾಗಿ, ಅಂಚು ಚೂಪಾಗಿರಬೇಕು. ಆದರೆ ಇಲ್ಲಿ ಅವಸರದ ತೀರ್ಮಾನ ಬೇಡ. ಈಗ ಹೇಳಿದ 1575ರ ಸೇತುವೆಯ ಮೇಲೆ, ಅಂದರೆ ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಯ ಮೇಲೆ, ಎಷ್ಟೋ ಸಲ 1570 ಅಂತಲೇ ಮುದ್ರೆ ಇರುತ್ತದೆ. ಅದು ರೋಲೆಕ್ಸ್ ಕಂಪನಿಯೇ ಮಾಡಿದ್ದು, ನಕಲಿಯ ಗುರುತಲ್ಲ. ಹಾಗೆಯೇ ಟ್ಯಾಗ್ ಹೂಯರ್‌ನ 'ಕ್ಯಾಲಿಬರ್ 5' ಒಳಗೆ ಇಟಿಎ 2824-2 ಇರಬಹುದು ಅಥವಾ ಸೆಲಿಟಾ ಎಸ್‌ಡಬ್ಲ್ಯು200 ಇರಬಹುದು. ಎರಡೂ ಫ್ಯಾಕ್ಟರಿಯಿಂದಲೇ ಬಂದದ್ದು. ಸ್ವಿಸ್ ಕಂಪನಿಗಳು ಒಂದು ಇನ್ನೊಂದರಿಂದ ಎಂಜಿನ್ ಕೊಳ್ಳುವುದು ಹಳೆ ಪದ್ಧತಿ. ಬೇರೆ ಕಂಪನಿಯ ಹೆಸರು ಕಂಡ ತಕ್ಷಣ ಗಾಬರಿ ಬೀಳಬೇಡಿ, ಆ ಮಾದರಿಗೆ ಅದು ಸಲ್ಲುತ್ತದೆಯೇ ನೋಡಿ.

*ವಿನ್ಯಾಸ:* ಬಣ್ಣವನ್ನು ನಕಲು ಮಾಡುವುದು ಸುಲಭ, ರಚನೆಯನ್ನು ನಕಲು ಮಾಡುವುದು ದುಬಾರಿ. 3135ರಲ್ಲಿ ಎದ್ದು ಕಾಣುವ ಕೆಂಪು ಚಕ್ರಗಳಿವೆ. ನಕಲಿಯವರು ಮೊದಲು ಮಾಡುವುದೇ ಅದನ್ನು. ಅದರ ಬದಲು ಬ್ಯಾಲೆನ್ಸ್ ನೋಡಿ. 3135ರ ಬ್ಯಾಲೆನ್ಸ್ ಮೇಲಿನ ಸೇತುವೆ ಎರಡೂ ಬದಿಯಲ್ಲಿ ತಿರುಪಿನಿಂದ ಬಿಗಿದಿರುತ್ತದೆ. ವೇಗ ಹೊಂದಿಸುವುದು ಚಕ್ರದ ಒಳ ಅಂಚಿನಲ್ಲಿರುವ ಪುಟಾಣಿ ನಟ್‌ಗಳಿಂದ. ಪ್ಲಸ್, ಮೈನಸ್ ಗುರುತಿನ ಕಡ್ಡಿಯನ್ನು ಅತ್ತಿತ್ತ ಸರಿಸಿ ವೇಗ ಹೊಂದಿಸುವ ವ್ಯವಸ್ಥೆ ಕಂಡರೆ ಅದು 3135 ಅಲ್ಲವೇ ಅಲ್ಲ. ಒಮೆಗಾ 321ರಲ್ಲಿ ಸ್ಟಾಪ್‌ವಾಚನ್ನು ನಡೆಸುವುದು ಕೋಟೆಯ ತೆನೆಯಂತೆ ಕಂಬಗಳಿರುವ ಒಂದು ಸಣ್ಣ ಚಕ್ರ. 861ರಲ್ಲಿ ಆ ಚಕ್ರದ ಬದಲು ಚಪ್ಪಟೆ ತಗಡಿನ ಕ್ಯಾಮ್ ಇದೆ. ಭೂತಗನ್ನಡಿ ಹಿಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

*ಕೂತಿರುವ ರೀತಿ:* ಬೇರೆ ಅಳತೆಯ ಮೂವ್‌ಮೆಂಟ್ ತಂದು ಕೂರಿಸಿದ್ದರೆ ಅದು ಎಲ್ಲಾದರೂ ಸಿಕ್ಕಿಬೀಳುತ್ತದೆ. ಸುತ್ತ ಸಡಿಲ ತುಂಬಲು ಹಾಕಿದ ಪ್ಲಾಸ್ಟಿಕ್ ಬಳೆ, ಕೇಸಿನ ತೂತಿಗೆ ನೇರವಾಗಿ ಕೂರದ ಕ್ರೌನ್, ಕಿಂಡಿಯ ಮಧ್ಯಕ್ಕೆ ಬಾರದ ತಾರೀಖು, ಕಾಲು ಕತ್ತರಿಸಿ ಅಂಟಿಸಿದ ಡಯಲ್. ಇವುಗಳಲ್ಲಿ ಒಂದು ಕಂಡರೂ ಕಾರಣ ಕೇಳಿ.

*ತಿರುಪುಗಳು:* ತಲೆ ತರಚಿದ ತಿರುಪು ಅಂದರೆ ಒರಟು ಕೈ ಆಡಿದೆ ಎಂದರ್ಥ. ಇದೊಂದೇ ನಕಲಿಗೆ ಸಾಕ್ಷಿಯಲ್ಲ, ಆದರೆ "ಒಂದು ಸಲವೂ ಬಿಚ್ಚಿಲ್ಲ ಸಾರ್" ಎಂಬ ಮಾತು ಸುಳ್ಳು ಎನ್ನಲು ಸಾಕು.

ಟೈಮ್‌ಗ್ರಾಫರ್ ಎಂಬ ಯಂತ್ರದ ಮೇಲೆ ಇಟ್ಟು "ನೋಡಿ, ದಿನಕ್ಕೆ ಎರಡು ಸೆಕೆಂಡ್ ವ್ಯತ್ಯಾಸ ಅಷ್ಟೇ" ಎಂದು ತೋರಿಸುವವರಿದ್ದಾರೆ. ಆ ಯಂತ್ರ ಹೇಳುವುದು ಆರೋಗ್ಯ, ಹುಟ್ಟಿನ ಊರಲ್ಲ. ಹೊಸ ನಕಲಿ ಮೂವ್‌ಮೆಂಟ್, ಸರ್ವಿಸ್ ಕಾಣದ ಅಸಲಿಗಿಂತ ಚೆನ್ನಾಗಿ ಓಡಬಹುದು.

ನಂಬರ್ ಮತ್ತು ಕಾಗದ

ಇಲ್ಲಿ ಕಂಪನಿಯಿಂದ ಕಂಪನಿಗೆ ಪದ್ಧತಿ ಬೇರೆ. ಹಳೆ ಒಮೆಗಾಗಳಲ್ಲಿ ಸೀರಿಯಲ್ ನಂಬರ್ ಇರುವುದು ಮೂವ್‌ಮೆಂಟ್ ಮೇಲೆ, ರೆಫರೆನ್ಸ್ ನಂಬರ್ ಮುಚ್ಚಳದ ಒಳಬದಿಯಲ್ಲಿ. ಸೀರಿಯಲ್‌ನಿಂದ ಯಂತ್ರದ ಅಂದಾಜು ವರ್ಷ ಸಿಗುತ್ತದೆ. ಅದು ಆ ರೆಫರೆನ್ಸ್ ತಯಾರಾದ ವರ್ಷಗಳ ಒಳಗೆ ಬೀಳಬೇಕು. 1950ರ ದಶಕದ ಕೇಸಿನಲ್ಲಿ 1960ರ ದಶಕದ ಮೂವ್‌ಮೆಂಟ್ ಇದ್ದರೆ ಎರಡು ವಾಚು ಸೇರಿ ಒಂದಾಗಿದೆ.

ಪಾಟೆಕ್ ಫಿಲಿಪ್ ಕಂಪನಿ ತನ್ನ ದಾಖಲೆಗಳಿಂದ ಕೊಡುವ ಪತ್ರದಲ್ಲಿ ಮೂವ್‌ಮೆಂಟ್ ನಂಬರ್, ಕೇಸ್ ನಂಬರ್ ಎರಡೂ ಇರುತ್ತವೆ. ಮುಚ್ಚಳ ತೆಗೆದು ತಾಳೆ ನೋಡಿದರೆ ಆಯಿತು. ರೋಲೆಕ್ಸ್‌ನಲ್ಲಿ ಈ ಅನುಕೂಲ ಇಲ್ಲ. ವಾರಂಟಿ ಕಾರ್ಡಿನಲ್ಲಿ ಇರುವುದು ಕೇಸಿನ ನಂಬರ್. ಅದನ್ನು ಕೇಸಿನ ಮೇಲಿನ ನಂಬರಿಗೆ ತಾಳೆ ಹಾಕಿದರೆ ಕೇಸು ಮತ್ತು ಕಾರ್ಡ್ ಜೋಡಿ ಎಂದು ಗೊತ್ತಾಗುತ್ತದೆ, ಒಳಗಿನ ಎಂಜಿನ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. "ಬಾಕ್ಸ್, ಕಾರ್ಡ್ ಎಲ್ಲ ಇದೆ, ಇನ್ನೇನು ಬೇಕು" ಎನ್ನುವವರಿಗೆ ಕೊಡಬೇಕಾದ ಉತ್ತರ ಇದು. ಅಧಿಕೃತ ಸರ್ವಿಸ್ ಬಿಲ್ ಇದ್ದರೆ ಅದಕ್ಕೆ ಹೆಚ್ಚು ತೂಕ. ಕಂಪನಿಯದಲ್ಲದ ಭಾಗ ಒಳಗಿದ್ದರೆ ಅದನ್ನು ಬದಲಿಸದೆ ಸರ್ವಿಸ್ ಮಾಡಿಕೊಡುವುದಿಲ್ಲ ಎನ್ನುವುದು ದೊಡ್ಡ ಕಂಪನಿಗಳ ಸಾಮಾನ್ಯ ರೂಢಿ.

ತೆಗೆಯಲು ಒಪ್ಪದಿದ್ದರೆ?

ಕಳೆದ ವರ್ಷ ಸಹೋದ್ಯೋಗಿಯೊಬ್ಬಳ ಜೊತೆ ಒಂದು ಸೆಕೆಂಡ್ ಹ್ಯಾಂಡ್ ಒಮೆಗಾ ನೋಡಲು ಹೋಗಿದ್ದೆ. ಅವಳ ಅಪ್ಪನ ನಿವೃತ್ತಿಗೆ ಉಡುಗೊರೆ. ಮಾರುವವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟರು, ಇಪ್ಪತ್ತು ನಿಮಿಷ ಬ್ರ್ಯಾಂಡಿನ ಚರಿತ್ರೆ ಹೇಳಿದರು. ಮುಚ್ಚಳ ತೆಗೆಸೋಣ ಅಂದ ಕೂಡಲೇ ದನಿ ಬದಲಾಯಿತು. "ಕಂಪನಿ ಸೀಲ್ ಹೋಗತ್ತೆ ಮೇಡಂ." ಹತ್ತು ವರ್ಷ ಹಳೆ ವಾಚು, ವಾರಂಟಿ ಎಂದೋ ಮುಗಿದಿತ್ತು. ನಮ್ಮ ಖರ್ಚಿನಲ್ಲೇ ತೆಗೆಸಿ, ಹೊಸ ರಬ್ಬರ್ ಹಾಕಿಸಿ, ನೀರಿನ ಪರೀಕ್ಷೆ ಮಾಡಿಸಿ ಕೊಡುತ್ತೇವೆ ಅಂದರೂ ಒಪ್ಪಲಿಲ್ಲ. ಎದ್ದು ಬಂದೆವು. ಒಳಗೆ ಅಸಲಿಯೇ ಇದ್ದಿರಬಹುದು. ಆದರೆ ಲಕ್ಷಗಟ್ಟಲೆ ಕೊಡುವವರಿಗೆ ಅದನ್ನು ತೋರಿಸುವ ಹೊಣೆ ಮಾರುವವರದು, ಊಹಿಸುವ ಹೊಣೆ ನಮ್ಮದಲ್ಲ.

ನಮ್ಮ ಮನೆಯ ಎಚ್‌ಎಂಟಿಗೂ ಇದೇ ಸೂತ್ರ

ಇದೆಲ್ಲ ಸ್ವಿಸ್ ವಾಚಿಗೆ ಮಾತ್ರ ಅನ್ಕೋಬೇಡಿ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ವಾಚು ಕಾರ್ಖಾನೆಯ ಕಥೆ ನಿಮಗೆ ಗೊತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತಯಾರಿಕೆ ನಿಂತಿತು, ಹಳೆ ವಾಚಿನ ಬೆಲೆ ಏರಿತು, ಹಿಂದೆಯೇ ಜೋಡಣೆ ವ್ಯಾಪಾರವೂ ಬಂತು. ಹೊಸದಾಗಿ ಬಣ್ಣ ಬಳಿದ ಡಯಲ್, ಸಿಕ್ಕ ಕೇಸು, ಸಿಕ್ಕ ಮೂವ್‌ಮೆಂಟ್ ಸೇರಿಸಿ 'ಅಪರೂಪದ ಪೈಲಟ್' ಎಂದು ಮಾರುವುದು ಈಗ ಮಾಮೂಲು.

ಜನತಾ, ಪೈಲಟ್ ಎರಡೂ ಕೈಯಿಂದ ಕೀ ಕೊಡುವ, 17 ಜ್ಯುವೆಲ್‌ನ ವಾಚುಗಳು. ಬಡಿತ ಗಂಟೆಗೆ 18,000. ಸ್ಲೋಮೋಷನ್ ವಿಡಿಯೋದಲ್ಲಿ ಒಂದು ನೆಗೆತಕ್ಕೆ 48 ಫ್ರೇಮ್. ಒಳಗೆ ಎಚ್‌ಎಂಟಿ ಹೆಸರಿನ ಜೊತೆ ಕ್ಯಾಲಿಬರ್ ನಂಬರ್ ಇರಬೇಕು. ಎರಡರ ಎಂಜಿನ್ ಒಂದೇ ಬಗೆಯದಾದ್ದರಿಂದ ಜನತಾದಿಂದ ಪೈಲಟ್‌ಗೆ ಬದಲಿಸಿದ್ದನ್ನು ಪತ್ತೆ ಹಚ್ಚುವುದು ಸುಲಭವಲ್ಲ. ಅಜ್ಜನಿಂದ ಬಂದ ವಾಚಾದರೆ ಚಿಂತೆಯಿಲ್ಲ, ಕೊಳ್ಳುವುದಾದರೆ 'ಅಪರೂಪ' ಎಂಬ ಮಾತಿಗೆ ಹೆಚ್ಚಿಗೆ ಕೊಡಬೇಡಿ.

ಬಿಲ್‌ನಲ್ಲಿ ಏನು ಬರೆಸಬೇಕು

ಬಾಯಿಮಾತಿನ 'ಹಂಡ್ರೆಡ್ ಪರ್ಸೆಂಟ್ ಒರಿಜಿನಲ್' ನಾಳೆ ಉಪಯೋಗಕ್ಕೆ ಬರುವುದಿಲ್ಲ. ಬಿಲ್‌ನಲ್ಲಿ ಐದು ಸಂಗತಿ ಇರಲಿ: ರೆಫರೆನ್ಸ್ ನಂಬರ್, ಕೇಸಿನ ಸೀರಿಯಲ್, ಕ್ಯಾಲಿಬರ್, ಮೂವ್‌ಮೆಂಟ್ ಮೇಲಿನ ನಂಬರ್, ಬದಲಿಸಿದ ಭಾಗಗಳ ಪಟ್ಟಿ. ಜೊತೆಗೆ "ಕಂಪನಿಯದಲ್ಲದ ಭಾಗ ಕಂಡುಬಂದರೆ ಇಷ್ಟು ದಿನದೊಳಗೆ ಹಣ ವಾಪಸ್" ಎಂಬ ಒಂದು ಸಾಲು. ಮುಚ್ಚಳ ತೆಗೆದಾಗಿನ ಫೋಟೋಗಳನ್ನು ಇಟ್ಟುಕೊಳ್ಳಿ. ಹಣ ಖಾತೆಯಿಂದ ಖಾತೆಗೇ ಹೋಗಲಿ.

ವ್ಯಾಪಾರಿ ಸುಳ್ಳು ಹೇಳಿ ಮಾರಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, ಎರಡು ವರ್ಷದೊಳಗೆ ಹೋಗಬೇಕು. ತನ್ನ ಸ್ವಂತ ವಾಚನ್ನು ಒಂದು ಸಲ ಮಾರಿದ ವ್ಯಕ್ತಿಯ ಮೇಲೆ ಈ ದಾರಿ ಕಷ್ಟ, ಆತ ವ್ಯಾಪಾರಿ ಅಲ್ಲವಲ್ಲ. ಅಂಥವರಿಂದ ಕೊಳ್ಳುವಾಗ ಮುಚ್ಚಳ ತೆಗೆಸುವುದು ಇನ್ನೂ ಮುಖ್ಯ.

ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ಓದಿಕೊಂಡು ಹೋದರೂ ಭೂತಗನ್ನಡಿ ಹಿಡಿದು ನೋಡಬೇಕಾದ್ದು ನಲವತ್ತು ವರ್ಷ ಇದೇ ಕೆಲಸ ಮಾಡಿದ ಕಣ್ಣು. ಪೇಟೆಯ ಹಳೆ ರಿಪೇರಿ ಅಂಗಡಿಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಮೂರು ಲಕ್ಷದ ವಾಚು ನೋಡಿಕೊಡಲು ಅವರು ಕೇಳುವ ಕೆಲವು ನೂರು ಅಥವಾ ಸಾವಿರ ರೂಪಾಯಿಗೆ ಚೌಕಾಸಿ ಮಾಡಬೇಡಿ. ಇಡೀ ವ್ಯವಹಾರದಲ್ಲಿ ನಿಮ್ಮ ಪರವಾಗಿ ಕೂತವರು ಅವರೊಬ್ಬರೇ.